ಊರಿನ ಹಿರಿಬೀದಿಯೂ ಕಾಲ್ನಡೆಯವರ ಕ್ಷೇಮವೂ

ನಮ್ಮ ನಾಡಿನ ಸಣ್ಣ ಊರುಗಳಲ್ಲಿ ಹಿರಿಬೀದಿ ಎಂಬದು ಸಾಮಾನ್ಯವಾಗಿ ಒಂದೇ ಇರುತ್ತದೆ. ಸಂತೆಗೆ ಹೋಗುವವರಿಗೂ, ಬಸ್ಸು ಹಿಡಿಯುವವರಿಗೂ, ಆಸ್ಪತ್ರೆ ಕಚೇರಿಗಳಿಗೆ ಬರುವವರಿಗೂ, ಶಾಲೆಗೆ ನಡೆಯುವ ಮಕ್ಕಳಿಗೂ ಅದೇ ದಾರಿ. ಆದರೆ ಅದೇ ಬೀದಿಯು ಅನೇಕ ಕಡೆಗಳಲ್ಲಿ ರಾಜ್ಯ ಹೆದ್ದಾರಿಯೂ ಆಗಿರುವದರಿಂದ, ದೂರದ ಪಟ್ಟಣಗಳಿಗೆ ಧಾವಿಸುವ ಲಾರಿ, ಬಸ್ಸು, ಕಾರುಗಳೂ ಅದರಲ್ಲಿಯೇ ಹಾದುಹೋಗುತ್ತವೆ. ಹೀಗೆ ಊರವರಿಗೆ ಅಂಗಳದಂತಿರುವ ಬೀದಿಯು ಹೊರಗಿನವರಿಗೆ ಬರಿಯ ಹಾದಿಯಾಗಿದೆ. ಈ ಎರಡು ಉಪಯೋಗಗಳು ಒಂದಕ್ಕೊಂದು ಹೊಂದದಿರುವಲ್ಲಿ ಅಪಘಾತಗಳು ಹುಟ್ಟುತ್ತವೆ. ಇಂಥ ಬೀದಿಯನ್ನು ಕ್ಷೇಮಕರವಾಗಿ ಮಾಡುವ ಬಗೆ ಯಾವದೆಂದು ಇಲ್ಲಿ ವಿಚಾರಿಸೋಣ.

ವಿಷಯವು ಅಲ್ಪವಾದದ್ದಲ್ಲ. ಭಾರತ ಸರಕಾರದ ಲೆಕ್ಕದ ಮೇರೆಗೆ ೨೦೨೨ನೆಯ ಇಸವಿಯಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಪ್ರಾಣ ಕಳಕೊಂಡರು. ಇವರಲ್ಲಿ ಹೆಚ್ಚು ಕಡಿಮೆ ಐವರಿಗೆ ಒಬ್ಬರಂತೆ ಕಾಲ್ನಡೆಯವರಿದ್ದರು. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮರಣಗಳಿಗೆ ಅತಿವೇಗವೇ ಕಾರಣವೆಂದು ಅದೇ ಲೆಕ್ಕವು ಹೇಳುತ್ತದೆ.

ಆದರೆ ಒಂದು ಮಗುವಿಗೆ ಪೆಟ್ಟಾದಾಗ ನೆರೆದ ಜನರು ಆಡುವ ಮಾತು ಯಾವದು? “ಮಗು ನೋಡದೆ ಓಡಿತು” ಎಂದು ಕೆಲವರು, “ಚಾಲಕನು ಒರಟ” ಎಂದು ಕೆಲವರು ಹೇಳುವರು. ಬೀದಿಯನ್ನು ಹಾಗೆ ಕಟ್ಟಿದ್ದು ಸರಿಯೋ ಎಂದು ಕೇಳುವವರು ಅಪರೂಪ. ಈ ಪ್ರಶ್ನೆಯನ್ನು ಕೇಳದೆ ಹೋದರೆ ಅದೇ ಸ್ಥಳದಲ್ಲಿ ಮತ್ತೊಂದು ಮಗು ಬೀಳುವದು ತಪ್ಪದು.

೧. ವೇಗದ ಲೆಕ್ಕ

ಶಾಲೆಯಲ್ಲಿ ಗಣಿತ ಕಲಿತವರೆಲ್ಲರೂ ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಒಂದು ಮಗು ಫಕ್ಕನೆ ಬೀದಿಗೆ ಇಳಿಯಿತೆಂದು ಎಣಿಸಿರಿ. ಚಾಲಕನು ಅದನ್ನು ಕಂಡು ಬ್ರೇಕನ್ನು ತುಳಿಯುವದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಗಂಟೆಗೆ ೩೦ ಕಿಲೋಮೀಟರು ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ ೮ ಮೀಟರಿಗಿಂತ ತುಸು ಹೆಚ್ಚು ಮುಂದೆ ಬರುತ್ತದೆ. ಬ್ರೇಕು ಹಿಡಿದ ತರುವಾಯ, ಒಣಗಿದ ಒಳ್ಳೆಯ ರಸ್ತೆಯಾದರೆ, ಇನ್ನೈದು ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ೧೩ ಮೀಟರು ಚಿಲ್ಲರೆ. ಗಂಟೆಗೆ ೫೦ ಕಿಲೋಮೀಟರು ವೇಗದ ಕಾರಾದರೋ ಆ ಮೊದಲನೆಯ ಸೆಕೆಂಡಿನಲ್ಲಿಯೇ ೧೪ ಮೀಟರು ಬಂದಿರುತ್ತದೆ. ನಿಲ್ಲುವದಕ್ಕೆ ಒಟ್ಟು ೨೮ ಮೀಟರು ಬೇಕು.

ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಬೇಕು. ಮಗುವು ೧೪ ಮೀಟರು ದೂರದಲ್ಲಿದ್ದರೆ, ಮೊದಲನೆಯ ಕಾರು ಅದನ್ನು ಮುಟ್ಟದೆ ನಿಲ್ಲುವದು. ಎರಡನೆಯ ಕಾರಿನ ಬ್ರೇಕು ಹಿಡಿಯುವ ಹೊತ್ತಿಗೆ ಅದು ಮಗುವಿನ ಮೇಲೆಯೇ ಬಂದಿರುವದು. ಅಲ್ಲದೆ ಪೆಟ್ಟಿನ ಬಲವು ವೇಗದ ವರ್ಗಕ್ಕೆ ಸರಿಯಾಗಿ ಬೆಳೆಯುವದರಿಂದ, ೫೦ರ ವೇಗದ ಕಾರಿನಲ್ಲಿರುವ ಶಕ್ತಿಯು ೩೦ರದ್ದಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚು. ಆದಕಾರಣವೇ ೨೦೨೦ನೆಯ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ಅನೇಕ ದೇಶಗಳ ಮಂತ್ರಿಗಳು, ಕಾಲ್ನಡೆಯವರೂ ಸೈಕಲ್ಲಿನವರೂ ವಾಹನಗಳೊಂದಿಗೆ ಬೆರೆಯುವ ಬೀದಿಗಳಲ್ಲಿ ಗಂಟೆಗೆ ೩೦ ಕಿಲೋಮೀಟರನ್ನು ಮೀರಬಾರದೆಂದು ಸಾರಿದರು.

ಮಕ್ಕಳಿಗೆ ಎಚ್ಚರಿಕೆ ಕಲಿಸಬಾರದೆಂದು ನಾವು ಹೇಳುವದಿಲ್ಲ, ಅವಶ್ಯವಾಗಿ ಕಲಿಸಬೇಕು. ಆದರೆ ಎಳೆಯ ಮಗುವಿಗೆ ಎದುರು ಬರುವ ವಾಹನದ ವೇಗವನ್ನೂ ದೂರವನ್ನೂ ಕೂಡಿಸಿ ಎಣಿಸುವ ಶಕ್ತಿ ಇನ್ನೂ ಪೂರ್ಣವಾಗಿ ಬೆಳೆದಿರುವದಿಲ್ಲ. ನಿಂತ ಕಾರಿನ ಮರೆಯಿಂದ ಅದಕ್ಕೆ ಬೀದಿ ಕಾಣದು. ಚಾಲಕನಿಗೂ ಅದು ಕಾಣದು. ಬೆಳೆಯದ ಶಕ್ತಿಯ ಮೇಲೆ ಪ್ರಾಣದ ಭಾರವನ್ನೆಲ್ಲಾ ಹೊರಿಸುವದು ನ್ಯಾಯವಲ್ಲ.

೨. ಬೀದಿಯೇ ಚಾಲಕನಿಗೆ ಬೋಧಕ

“ನಿಧಾನವಾಗಿ ಚಲಿಸಿರಿ” ಎಂಬ ಫಲಕವನ್ನು ನೆಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಯಾಕಂದರೆ ಚಾಲಕನು ಫಲಕಕ್ಕಿಂತ ಹೆಚ್ಚಾಗಿ ಬೀದಿಯನ್ನೇ ಓದುತ್ತಾನೆ. ಅಗಲವಾದ, ನೆಟ್ಟಗಿನ, ನುಣುಪಾದ ರಸ್ತೆಯು “ಓಡು” ಎಂದು ಹೇಳುತ್ತಿರುವಾಗ, ಕಂಬದ ಮೇಲಿನ ಅಕ್ಷರಗಳು “ನಿಲ್ಲು” ಎಂದರೂ ಅವನ ಕಾಲು ರಸ್ತೆಯ ಮಾತನ್ನೇ ಕೇಳುತ್ತದೆ. ರಸ್ತೆ ಅಗಲಿಸಿದ ಮೇಲೆ ವೇಗವೂ ಏರಿದ್ದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಆದುದರಿಂದ ಬೀದಿಯ ರೂಪವನ್ನೇ ತಿದ್ದಿ, ಅದು ತಾನಾಗಿ “ಇದು ಊರು, ಇಲ್ಲಿ ಮಕ್ಕಳು ನಡೆಯುತ್ತಾರೆ” ಎಂದು ಹೇಳುವಂತೆ ಮಾಡುವದೇ ಮೊದಲನೆಯ ಕೆಲಸ. ಅದರ ಅಂಗಗಳು ಇವು:

ಮೊದಲನೆಯದು ಕಾಲುದಾರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಮೇರೆಗೆ ನಡೆಯಲು ಬಿಡುವಾದ ಅಗಲವು ೧.೮ ಮೀಟರಿಗೆ ಕಡಿಮೆಯಿರಕೂಡದು. ಅಂಚಿನ ಕಲ್ಲಿನ ಎತ್ತರವು ೧೫ ಸೆಂಟಿಮೀಟರನ್ನು ಮೀರಕೂಡದು. ಎತ್ತರದ ನಿಯಮವು ಚಿಕ್ಕದಾಗಿ ಕಂಡರೂ ಬಹು ಮುಖ್ಯವಾದದ್ದು. ಮೊಣಕಾಲೆತ್ತರಕ್ಕೆ ಕಟ್ಟಿದ ಕಾಲುದಾರಿಯನ್ನು ಮುದುಕಿಯೂ ಬಸುರಿ ಹೆಂಗಸೂ ಹತ್ತಲಾರದೆ ಬೀದಿಯಲ್ಲಿಯೇ ನಡೆಯುವರು. ಅದರ ಮೇಲೆ ಅಂಗಡಿಯ ಸಾಮಾನು, ಮುರಿದ ಚಪ್ಪಡಿ, ನಿಲ್ಲಿಸಿದ ಮೋಟಾರ್ ಸೈಕಲ್ಲು ಇದ್ದರೆ ಕಾಲುದಾರಿ ಇದ್ದೂ ಇಲ್ಲದಂತೆಯೇ.

ಎರಡನೆಯದು ದಾಟುವ ಸ್ಥಳ. ಕರಿ ಬಿಳಿ ಪಟ್ಟೆಗಳ ಜೀಬ್ರಾ ದಾಟು ೧೯೫೧ರಲ್ಲಿ ಇಂಗ್ಲೆಂಡಿನಲ್ಲಿ ನಿಯಮಕ್ಕೆ ಬಂತು. ಆದರೆ ಬಣ್ಣ ಮಾತ್ರವೇ ಕಾಯದು. ಹದಿನಾಲ್ಕು ಮೀಟರು ಅಗಲದ ಬೀದಿಯನ್ನು ಸಾಧಾರಣ ನಡಿಗೆಯಲ್ಲಿ ದಾಟಲು ಸುಮಾರು ೧೨ ಸೆಕೆಂಡು ಬೇಕು. ಅಷ್ಟರಲ್ಲಿ ೫೦ರ ವೇಗದ ವಾಹನವು ೧೬೦ ಮೀಟರಿಗಿಂತ ಹೆಚ್ಚು ಬರುತ್ತದೆ. ಬೀದಿಯ ನಡುವೆ ನಿಲ್ಲತಕ್ಕ ಒಂದು ಕಟ್ಟೆಯಿದ್ದರೆ ಒಂದು ಸಲಕ್ಕೆ ಆರು ಸೆಕೆಂಡಿನ ಅಪಾಯ ಮಾತ್ರ. ನೋಡಬೇಕಾದ ದಿಕ್ಕೂ ಒಂದೇ. ದಾಟುವ ಸ್ಥಳವನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿದರೆ ವಾಹನವು ತಾನೇ ನಿಧಾನಿಸುವದು. ಅದರ ಎರಡು ಮಗ್ಗುಲಲ್ಲಿಯೂ ವಾಹನ ನಿಲ್ಲಿಸಗೊಡಬಾರದು, ರಾತ್ರಿ ಬೆಳಕು ಇರಬೇಕು. ಜನರು ನಿಜವಾಗಿ ದಾಟುವಲ್ಲಿ, ಅಂದರೆ ಶಾಲೆಯ ಬಾಗಿಲು, ಬಸ್ ನಿಲ್ದಾಣ, ಸಂತೆಯ ಬಾಯಿ, ಇಂಥ ಕಡೆಗಳಲ್ಲಿಯೇ ಅದನ್ನು ಮಾಡಬೇಕು.

ಮೂರನೆಯದು ರಸ್ತೆಯ ಉಬ್ಬು. ಅಪಘಾತವಾದ ಮರುದಿನ ಊರವರು ಸಿಟ್ಟಿನಿಂದ ಹಾಕುವ ಚೂಪು ದಿಣ್ಣೆಯು ಬೇರೆ, ನಿಯಮದ ಉಬ್ಬು ಬೇರೆ. ನಿಯಮದ ಗುಂಡನೆಯ ಉಬ್ಬು ೩.೭ ಮೀಟರು ಅಗಲವಾಗಿ, ನಡುವೆ ೧೦ ಸೆಂಟಿಮೀಟರು ಮಾತ್ರ ಎತ್ತರವಾಗಿರಬೇಕು. ಗಂಟೆಗೆ ೨೫ ಕಿಲೋಮೀಟರು ವೇಗದಲ್ಲಿ ಅದನ್ನು ನೆಮ್ಮದಿಯಾಗಿ ಹತ್ತಿಳಿಯಬಹುದು. ಅದಕ್ಕೆ ಮುಂಚಿತವಾಗಿ ಫಲಕವೂ ಮೇಲೆ ಬಿಳಿ ಬಣ್ಣವೂ ಬೇಕು. ಬಣ್ಣವಿಲ್ಲದ ಚೂಪು ದಿಣ್ಣೆಯು ಕಾರನ್ನು ತಡೆಯುವದಕ್ಕಿಂತ, ಮೋಟಾರ್ ಸೈಕಲ್ಲಿನ ಹಿಂದೆ ಮಗುವನ್ನು ತೊಡೆಯ ಮೇಲಿಟ್ಟು ಕೂತ ತಾಯಿಯನ್ನು ಕೆಡವುವದೇ ಹೆಚ್ಚು.

೩. ಮಾಡಿ ನೋಡಿದ ಊರುಗಳು

ಇದು ಪುಸ್ತಕದ ಮಾತು ಮಾತ್ರವಲ್ಲ. ನಮ್ಮ ರಾಜ್ಯದಲ್ಲಿಯೇ ಬೆಳಗಾವಿಯಿಂದ ಯರಗಟ್ಟಿಗೆ ಹೋಗುವ ಹೆದ್ದಾರಿಯು ಅಪಘಾತಗಳಿಗೆ ಹೆಸರಾಗಿತ್ತು. ೨೦೧೦ರ ದಶಕದಲ್ಲಿ ವಿಶ್ವಬ್ಯಾಂಕಿನ ಸಹಾಯದಿಂದ ಆ ೬೨ ಕಿಲೋಮೀಟರು ದಾರಿಯನ್ನು ಪರೀಕ್ಷೆಗಾಗಿ ಆರಿಸಿಕೊಂಡು, ರಸ್ತೆಯವರೂ ಪೊಲೀಸರೂ ಆರೋಗ್ಯ ಇಲಾಖೆಯವರೂ ಒಟ್ಟಾಗಿ ಕೆಲಸ ಮಾಡಿದರು. ದಾರಿಯನ್ನು ತಿದ್ದುವದು, ವೇಗವನ್ನು ಕಾಯುವದು, ಗಾಯಗೊಂಡವರಿಗೆ ಬೇಗನೆ ಚಿಕಿತ್ಸೆ ದೊರಕಿಸುವದು, ಈ ಮೂರೂ ಕೂಡಿದ್ದರಿಂದ ಅಲ್ಲಿ ಮರಣಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾದವೆಂದು ವಿಶ್ವಬ್ಯಾಂಕು ಪ್ರಕಟಿಸಿದೆ.

ಶಾಲೆಗಳಿಗೆ ಇನ್ನೂ ಹತ್ತಿರವಾದ ನಿದರ್ಶನವು ಆಫ್ರಿಕಾ ಖಂಡದ ಟಾಂಜಾನಿಯಾ ದೇಶದಲ್ಲುಂಟು. ದಾರ್ ಎಸ್ ಸಲಾಮ್ ಪಟ್ಟಣದಲ್ಲಿ ಅಮೆಂಡ್ ಎಂಬ ಸಂಸ್ಥೆಯು ಅಪಾಯದ ಶಾಲೆಗಳನ್ನು ಆರಿಸಿ, ಕಾಲುದಾರಿ, ಉಬ್ಬು, ಜೀಬ್ರಾ ದಾಟು, ಗಿಡ್ಡ ಕಂಬಗಳನ್ನು ಮಾಡಿಸಿತು. ಕೆಲವೆಡೆ ಶಾಲೆಯ ಬಾಗಿಲನ್ನೇ ಹೆದ್ದಾರಿಯಿಂದ ಅಡ್ಡಬೀದಿಗೆ ತಿರುಗಿಸಿತು. ಮಕ್ಕಳಿಗೆ ತಗಲುವ ಗಾಯಗಳು ನೂರಕ್ಕೆ ೨೬ರಷ್ಟು ಇಳಿದವು. ೨೦೧೯ರಲ್ಲಿ ಈ ಕೆಲಸಕ್ಕೆ ಅಂತರರಾಷ್ಟ್ರೀಯ ಬಹುಮಾನವೂ ದೊರೆಯಿತು. ಬಾಗಿಲನ್ನು ತಿರುಗಿಸುವದಕ್ಕೆ ಎಷ್ಟು ಖರ್ಚು? ಹಣಕ್ಕಿಂತ ವಿಚಾರವೇ ಅಲ್ಲಿ ಹೆಚ್ಚಾಗಿ ಬೇಕಾಗಿತ್ತು.

ಇಂಥ ಕೆಲಸಕ್ಕೆ ಎದುರುಮಾತು ಇದ್ದೇ ಇರುವದು. ಹೊತ್ತು ಹಾಳಾಗುತ್ತದೆಂದು ವಾಹನದವರು ದೂರುವರು. ಲೆಕ್ಕ ಮಾಡೋಣ: ಒಂದು ಕಿಲೋಮೀಟರು ಉದ್ದದ ಬೀದಿಯನ್ನು ೫೦ರ ವೇಗದಲ್ಲಿ ಹಾಯಲು ೭೨ ಸೆಕೆಂಡು, ೩೦ರ ವೇಗದಲ್ಲಿ ೧೨೦ ಸೆಕೆಂಡು. ನಷ್ಟವಾದದ್ದು ೪೮ ಸೆಕೆಂಡು. ತಕ್ಕಡಿಯ ಒಂದು ತಟ್ಟೆಯಲ್ಲಿ ಈ ೪೮ ಸೆಕೆಂಡನ್ನೂ ಇನ್ನೊಂದರಲ್ಲಿ ಒಂದು ಮಗುವಿನ ಪ್ರಾಣವನ್ನೂ ಇಟ್ಟು ತೂಗಿದರೆ ಯಾವದು ಭಾರವೆಂದು ಹೇಳಬೇಕಾದದ್ದಿಲ್ಲ. ಅಂಗಡಿಯ ಎದುರು ವಾಹನ ನಿಲ್ಲದಿದ್ದರೆ ವ್ಯಾಪಾರ ಕೆಡುವದೆಂದು ವರ್ತಕರು ಅಂಜುವರು. ಅವರ ಅಂಜಿಕೆಯನ್ನು ತಿರಸ್ಕರಿಸದೆ, ಹತ್ತಿರದ ಅಡ್ಡಬೀದಿಯಲ್ಲಿ ನಿಲ್ಲಿಸುವ ಸ್ಥಳವನ್ನು ಮೊದಲೇ ಗೊತ್ತುಮಾಡುವದು ಯುಕ್ತ. ನೆಮ್ಮದಿಯಾಗಿ ನಡೆಯುವವರೇ ಅಂಗಡಿಯ ಕಡೆಗೆ ತಿರುಗಿ ನೋಡುವರೆಂಬದನ್ನೂ ಅವರಿಗೆ ತಿಳಿಸಬೇಕು.

೪. ಕಾನೂನೂ ನಮ್ಮ ಕರ್ತವ್ಯವೂ

ಬೀದಿಯನ್ನು ಕಟ್ಟುವವರ ಹೊಣೆಯನ್ನು ಈಗ ನಮ್ಮ ಕಾನೂನೂ ಒಪ್ಪಿದೆ. ಮೋಟಾರು ವಾಹನಗಳ ಕಾಯಿದೆಗೆ ೨೦೧೯ರಲ್ಲಿ ಸೇರಿದ ೧೯೮ಎ ಪ್ರಕರಣದ ಮೇರೆಗೆ, ನಿಯಮದಂತೆ ರಸ್ತೆಯನ್ನು ರೂಪಿಸದೆ, ಕಟ್ಟದೆ, ಕಾಪಾಡದೆ ಹೋದದ್ದರಿಂದ ಮರಣ ಅಥವಾ ಅಂಗವೈಕಲ್ಯವಾದರೆ, ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡ ವಿಧಿಸಬಹುದು. ೧೩೪ಎ ಪ್ರಕರಣವು ಗಾಯಗೊಂಡವರಿಗೆ ಸದ್ಭಾವದಿಂದ ಸಹಾಯ ಮಾಡಿದವರನ್ನು ಮೊಕದ್ದಮೆಯ ತೊಂದರೆಯಿಂದ ಕಾಪಾಡುತ್ತದೆ. ಆದಕಾರಣ ಯಾರೂ ಅಂಜಿ ದೂರ ನಿಲ್ಲಬೇಕಾದದ್ದಿಲ್ಲ. ತಾಯಿತಂದೆಗಳು ೧೯೯ಎ ಪ್ರಕರಣವನ್ನು ವಿಶೇಷವಾಗಿ ನೆನಪಿನಲ್ಲಿಡತಕ್ಕದ್ದು: ಪ್ರಾಯಕ್ಕೆ ಬಾರದ ಮಗನೋ ಮಗಳೋ ವಾಹನ ನಡೆಸಿ ತಪ್ಪುಮಾಡಿದರೆ, ಅವರನ್ನು ಸಾಕುವವರಿಗೆ ಮೂರು ವರ್ಷಗಳ ವರೆಗೆ ಸೆರೆಯೂ ೨೫,೦೦೦ ರೂಪಾಯಿ ದಂಡವೂ ಆಗಬಹುದು.

ಇನ್ನು ನಮ್ಮಿಂದ ಆಗುವದೇನು? ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ತಮ್ಮ ತಮ್ಮ ಊರಿನ ಹಿರಿಬೀದಿಯಲ್ಲಿ ಒಂದು ಮುಂಜಾನೆ ಶಾಲೆಯ ಹೊತ್ತಿನಲ್ಲಿ ಅರ್ಧ ಗಂಟೆ ನಿಂತು ನೋಡಲಿ. ಮಕ್ಕಳು ಎಲ್ಲಿ ದಾಟುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ, ಕಾಲುದಾರಿ ಎಲ್ಲಿ ಮುಗಿಯುತ್ತದೆ, ಯಾವ ದೀಪ ಉರಿಯುವದಿಲ್ಲ, ಇವನ್ನು ಬರೆದುಕೊಳ್ಳಲಿ. ಬೀದಿಯ ಅಗಲವನ್ನು ಹೆಜ್ಜೆಯಿಂದಲಾದರೂ ಅಳೆಯಲಿ. ಆ ಬೀದಿಯು ಪುರಸಭೆಯದೋ ಲೋಕೋಪಯೋಗಿ ಇಲಾಖೆಯದೋ ರಾಷ್ಟ್ರೀಯ ಹೆದ್ದಾರಿಯವರದೋ ಎಂದು ವಿಚಾರಿಸಿ, ಅದೇ ಕಚೇರಿಗೆ ಹಲವರು ಕೂಡಿ ಸಹಿ ಮಾಡಿದ ಮನವಿಯನ್ನು ಕೊಡಲಿ. “ಅಪಘಾತ ತಪ್ಪಿಸಿರಿ” ಎಂಬ ಮನವಿಗಿಂತ, “ಶಾಲೆಯ ಬಾಗಿಲ ಎದುರು ಎತ್ತರಿಸಿದ ದಾಟು ಒಂದು, ನಡುವೆ ಕಟ್ಟೆ ಒಂದು, ದೀಪ ಎರಡು ಬೇಕು” ಎಂಬ ಮನವಿಯು ಬೇಗ ಫಲಿಸುವದು. ಉತ್ತರ ಬಾರದಿದ್ದರೆ ಮತ್ತೊಮ್ಮೆ ಬರೆಯಲಿ.

ಈ ಕಾರ್ಯದಲ್ಲಿ ಹೆಂಗಸರ ಮಾತಿಗೆ ವಿಶೇಷ ತೂಕವುಂಟು. ಮಗುವಿನ ಕೈ ಹಿಡಿದು ಬೀದಿ ದಾಟುವವರು, ಬಿಂದಿಗೆ ಚೀಲಗಳನ್ನು ಹೊತ್ತು ಅಂಚಿನಲ್ಲಿ ನಡೆಯುವವರು, ಕತ್ತಲೆಯಲ್ಲಿ ಬಸ್ಸಿಗೆ ಕಾಯುವವರು ಅವರೇ. ಬೀದಿಯ ಕುಂದುಗಳನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಶಾಲೆಯಲ್ಲಿ ಕಲಿತ ಗಣಿತವನ್ನೂ ಬರವಣಿಗೆಯನ್ನೂ ಇಂಥ ಕೆಲಸಕ್ಕೆ ಉಪಯೋಗಿಸಿದರೆ, ನಾಳೆ ಶಾಲೆಗೆ ಹೊರಡುವ ಚಿಕ್ಕ ಹುಡುಗಿಯರು ಸಂಜೆ ಸುಖವಾಗಿ ಮನೆ ಸೇರುವರು.