ನಳದಿಂದ ಬಾಯಿಯವರೆಗೆ: ಅತಿಸಾರ ಕುರಿತ ಒಂದು ಅಭ್ಯಾಸ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಕೊಲ್ಹಾರದ ಪ್ರೌಢಶಾಲೆಯೊಂದರಲ್ಲಿ 8ನೇ ತರಗತಿಗೆ ಸೂಕ್ಷ್ಮಜೀವಿಗಳ ಘಟಕ ಬೋಧಿಸಿದೆ. ಅದರಲ್ಲಿ ಒಂದು ಅವಧಿಯನ್ನು ಚಿಕ್ಕ ಮಕ್ಕಳ ಅತಿಸಾರಕ್ಕೆ ಮೀಸಲಿಟ್ಟೆ. ತಂದೆ-ತಾಯಿ ಹೊಲಕ್ಕೆ ಹೋದಾಗ ತಮ್ಮ-ತಂಗಿಯರಿಗೆ ಉಣಿಸುವವರು, ನೀರು ಕುಡಿಸುವವರು ಈ ವಿದ್ಯಾರ್ಥಿಗಳೇ.

ಉದ್ದೇಶಗಳು: ಅತಿಸಾರಕ್ಕೆ ಎಡೆಮಾಡುವ ಅಂಶಗಳನ್ನು ತಮ್ಮ ಮನೆಯಲ್ಲಿ ಗುರುತಿಸುವರು, ನಿರ್ಜಲೀಕರಣ ತಡೆಯುವ ಕ್ರಮವನ್ನು ವಿವರಿಸುವರು.

ಪೀಠಿಕೆ: ‘ಕೂಸಿಗೆ ಜುಲಾಬು ಯಾಕ ಹತ್ತತೈತಿ?’ ಎಂದು ಕೇಳಿದೆ. ಆಲಮಟ್ಟಿ ಹಿನ್ನೀರಿನ ದಂಡೆಯ ಊರಿನ ಮಕ್ಕಳು ‘ಹೊಳಿ ನೀರು ಕುಡದ್ರ’ ಎಂದರು. ನಳದ ನೀರಿನ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಆದ್ದರಿಂದ ನೀರಿನ ದಾರಿಯನ್ನು ಕಪ್ಪುಹಲಗೆಯ ಮೇಲೆ ಬರೆಯಿಸಿದೆ: ನಳ, ಕೊಡ, ತಂಬಿಗೆ, ಕೈ, ಬಾಯಿ. ‘ಇಲ್ಲಿ ರೋಗಾಣು ಹೇಗೆ ಸೇರಬಹುದು?’ ಎಂದು ಹಂತಹಂತಕ್ಕೂ ಕೇಳಿದೆ. ಮುಚ್ಚಳವಿಲ್ಲದ ಕೊಡ, ಕೈ ಅದ್ದಿ ನೀರು ತೆಗೆಯುವುದು, ಕೂಸಿನ ಕುಂಡಿ ತೊಳೆದ ಮೇಲೆ ಸಾಬೂನು ಬಳಸದಿರುವುದು, ಬಯಲು ಶೌಚ, ನೊಣ ಕೂತ ಆಹಾರ—ಇವೆಲ್ಲ ಅವರಿಂದಲೇ ಬಂದವು. ಮೊದಲ 6 ತಿಂಗಳು ಎದೆಹಾಲು ಮಾತ್ರ ಕೊಡದಿರುವುದು, ಸರಿಯಾಗಿ ತೊಳೆಯದ ಹಾಲಿನ ಬಾಟಲಿ, ಅಪೌಷ್ಟಿಕತೆ, 6, 10 ಮತ್ತು 14ನೇ ವಾರದ ರೋಟಾವೈರಸ್ ಲಸಿಕೆ ತಪ್ಪುವುದು—ಇವನ್ನು ನಾನು ಸೇರಿಸಿದೆ.

ಚಟುವಟಿಕೆ: ‘ಜುಲಾಬು ಹತ್ತಿದ ಕೂಸಿಗೆ ನೀರು ಕೊಡಬೇಕೋ ಬ್ಯಾಡೋ?’ ಎಂಬ ಪ್ರಶ್ನೆಗೆ ಒಬ್ಬ ಹುಡುಗಿ, ‘ಕೊಟ್ರ ಇನ್ನೂ ಜಾಸ್ತಿ ಆಗ್ತೈತ್ರಿ’ ಎಂದಳು. ಹಲವರು ತಲೆಯಾಡಿಸಿದರು. ಜೀವಕ್ಕೆ ಎರವಾಗುವುದು ಈ ನಂಬಿಕೆಯೇ. ತಳದಲ್ಲಿ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಯ ಮೇಲೆ ಕೂಸಿನ ಮುಖ ಬರೆದು ನೀರು ತುಂಬಿದೆವು. ನೀರು ಸೋರಿ ಕಣ್ಣಿಗಿಂತ ಕೆಳಗಿಳಿಯಿತು. ಸೋರಿದಷ್ಟನ್ನು ಮೇಲಿನಿಂದ ಸುರಿದಾಗ ಮಟ್ಟ ನಿಂತಿತು. ಅದೇ ಹುಡುಗಿ, ‘ಹೋದಷ್ಟು ಕೊಡಬೇಕ್ರಿ’ ಎಂದಳು.

ವಿವರಣೆ: ಕರುಳಿನಲ್ಲಿ ಗ್ಲೂಕೋಸ್ ಜೊತೆ ಸೋಡಿಯಂ ಹೀರಲ್ಪಡುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಓಆರ್‌ಎಸ್‌ನ ತತ್ತ್ವ ಇದೇ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಇಂಥ ದ್ರಾವಣ ಕುಡಿಸಿ ಅನೇಕರ ಜೀವ ಉಳಿಸಿದರು. 1 ಲೀಟರ್‌ನ ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, 24 ಗಂಟೆಯೊಳಗೆ ಬಳಸಬೇಕು. ಎದೆಹಾಲು, ಊಟ ನಿಲ್ಲಿಸಬಾರದು. ಆಶಾ ಕಾರ್ಯಕರ್ತೆ ಅಥವಾ ವೈದ್ಯರು ಹೇಳಿದಂತೆ ಜಿಂಕ್ ಗುಳಿಗೆಯನ್ನು 14 ದಿನ ಕೊಡಬೇಕು. ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೌಲ್ಯಮಾಪನ: ತಮ್ಮ ಮನೆಯ ನೀರಿನ ದಾರಿ ಬರೆದು, ಬದಲಿಸಬಹುದಾದ ಒಂದು ಹಂತ ಗುರುತಿಸುವುದು ಗೃಹಪಾಠ. ಹೆಚ್ಚಿನವರು ಕೊಡವನ್ನೇ ಗುರುತಿಸಿದ್ದರು: ಮುಚ್ಚಳ, ಉದ್ದ ಹಿಡಿಕೆಯ ಸೌಟು. ರೋಗಾಣುಗಳ ಹೆಸರು ಬಾಯಿಪಾಠ ಮಾಡಿಸುವ ಮೊದಲು ಈ ದಾರಿಯನ್ನು ಬರೆಯಿಸಿ ನೋಡಿರೆಂದು ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ.