‘ಸರ್ವರ್ ಇಲ್ಲ’ ಎಂಬ ಮಾತಿನ ಪರೀಕ್ಷೆ

‘ಸರ್ವರ್ ಇಲ್ಲ, ನಾಳಿ ಬರ್ರಿ’ ಎಂಬ ಮಾತನ್ನು ಕೇಳದವರು ಇಂದು ನಮ್ಮ ಸಗರನಾಡಿನಲ್ಲಿ ಅತಿ ವಿರಳ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳು ಒತ್ತಲು ಹೋದ ಮುದುಕಿಯೂ, ಪಹಣಿ ತರಲು ಹೋದ ರೈತನೂ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಹೋದ ನಾವೂ ಈ ಮಾತು ಕೇಳಿ ಹಿಂದಿರುಗಿದವರೇ. ಆದರೆ ನಿಜವಾಗಿ ಇಲ್ಲದಿರುವುದು ಯಾವುದು? ಸರ್ವರೋ, ಅಲ್ಲಿಗೆ ಹೋಗುವ ದಾರಿಯೋ, ಇಲ್ಲವೆ ನಮ್ಮೂರ ಟವರೋ? ಈ ಪ್ರಶ್ನೆಗೆ ಊಹೆಯಿಂದಲ್ಲದೆ ಪರೀಕ್ಷೆಯಿಂದ ಉತ್ತರ ಕಂಡುಕೊಳ್ಳುವ ಬಗೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಇದಕ್ಕೆ ವಿಜ್ಞಾನದ ಪದವಿ ಬೇಕಿಲ್ಲ. ಸ್ವಲ್ಪ ಲೆಕ್ಕ, ಸ್ವಲ್ಪ ತರ್ಕ, ಬೇರೆ ಬೇರೆ ಊರಿನಲ್ಲಿರುವ ಮೂವರು ಗೆಳೆಯರು ಇದ್ದರೆ ಸಾಕು.

ಕರೆ ಮತ್ತು ಓಗೊಡುವಿಕೆ

ಸರ್ವರ್ ಎಂದರೆ ಎಲ್ಲೋ ದೂರದಲ್ಲಿದ್ದು, ಕೇಳಿದವರಿಗೆ ಕೇಳಿದ ಪುಟವನ್ನು ಕಳುಹಿಸಿಕೊಡುವ ಕಂಪ್ಯೂಟರ್. ಹೊಲದ ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನಲ್ಲಿದ್ದವರು ‘ಓ’ ಎನ್ನುತ್ತಾರೆ. ‘ಓ’ ಬಂದರೆ ಆಳು ಇದ್ದಾನೆಂದು ತಿಳಿಯುತ್ತದೆ. ಎಷ್ಟು ಹೊತ್ತಿಗೆ ಬಂತೆಂಬುದರಿಂದ ಅವನು ಎಷ್ಟು ದೂರದಲ್ಲಿದ್ದಾನೆ, ಬೇರೆ ಕೆಲಸದಲ್ಲಿ ಮುಳುಗಿದ್ದಾನೆಯೇ ಎಂಬುದೂ ಅಲ್ಪಸ್ವಲ್ಪ ಗೊತ್ತಾಗುತ್ತದೆ. ಕಂಪ್ಯೂಟರುಗಳ ನಡುವೆ ಇದೇ ಕೆಲಸ ಮಾಡುವ ಸಾಧನಕ್ಕೆ ‘ಪಿಂಗ್’ ಎಂದು ಹೆಸರು. ಇದನ್ನು 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬಾತ ರಚಿಸಿದನು. ಜಲಾಂತರ್ಗಾಮಿಗಳು ನೀರಿನಲ್ಲಿ ಸದ್ದು ಕಳುಹಿಸಿ ಪ್ರತಿಧ್ವನಿಯಿಂದ ದೂರವನ್ನಳೆಯುವ ಕ್ರಮದಿಂದ ಈ ಹೆಸರು ಬಂದಿದೆ. ಕರೆ ಹೋಗಿ ಓಗೊಟ್ಟು ಮರಳುವ ಕಾಲವನ್ನು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ, ಎಣಿಸುತ್ತಾರೆ.

ದೂರದ ಪಾಲೆಷ್ಟು?

ಬೆಳಕು ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ನೆಲದಡಿಯ ಗಾಜಿನ ಎಳೆಯಲ್ಲಿ ಸುಮಾರು 2 ಲಕ್ಷ. ಆದುದರಿಂದ 100 ಕಿಲೋಮೀಟರ್ ದೂರಕ್ಕೆ ಹೋಗಿಬರಲು 1 ಮಿಲಿಸೆಕೆಂಡ್ ಸಾಕು. ಯಾದಗಿರಿಯಿಂದ ಬೆಂಗಳೂರಿಗೆ ನೇರವಾಗಿ ಅಳೆದರೆ 400 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ದೂರದ ಪಾಲು ನಾಲ್ಕು ಮಿಲಿಸೆಕೆಂಡಿನ ಆಸುಪಾಸು. ಅಮೆರಿಕದ ಪೂರ್ವ ಕರಾವಳಿ ಸುಮಾರು 13 ಸಾವಿರ ಕಿಲೋಮೀಟರ್. ಅಲ್ಲಿಂದ 130 ಮಿಲಿಸೆಕೆಂಡಿಗೆ ಮೊದಲು ಯಾವ ಉತ್ತರವೂ ಬರಲಾರದು. 35,786 ಕಿಲೋಮೀಟರ್ ಎತ್ತರದ ಉಪಗ್ರಹದ ಮೂಲಕ ಹೋದರಂತೂ ಕರೆ ಮೇಲೇರಿ ಇಳಿದು, ಉತ್ತರ ಮತ್ತೆ ಮೇಲೇರಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡಿನ ಹತ್ತಿರವಾಗುತ್ತದೆ. ಇದು ಪ್ರಕೃತಿ ವಿಧಿಸಿದ ಸುಂಕ. ಇದರಲ್ಲಿ ಯಾರೂ ರಿಯಾಯಿತಿ ಕೊಡಲಾರರು.

ಈಗ ನಮ್ಮ ಊರುಗಳಿಗೆ ಬರೋಣ. ಯಾದಗಿರಿ ಮತ್ತು ಸುರಪುರಗಳ ನಡುವೆ ನೇರವಾಗಿ ಸುಮಾರು 50 ಕಿಲೋಮೀಟರ್. ಶಹಾಪುರವು ಎರಡಕ್ಕೂ ಇನ್ನೂ ಹತ್ತಿರ. 50 ಕಿಲೋಮೀಟರಿನ ಸುಂಕ ಅರ್ಧ ಮಿಲಿಸೆಕೆಂಡ್ ಮಾತ್ರ! ಬೆಂಗಳೂರಿನ ಒಂದೇ ಸರ್ವರಿಗೆ ಒಂದೇ ನಿಮಿಷದಲ್ಲಿ ಕರೆ ಕಳುಹಿಸಿದಾಗ ಯಾದಗಿರಿಯಲ್ಲಿ 30 ಮಿಲಿಸೆಕೆಂಡೂ ಸುರಪುರದಲ್ಲಿ 300 ಮಿಲಿಸೆಕೆಂಡೂ ಬಂದಿತೆಂದು ಭಾವಿಸಿರಿ. ಈ ಅಂತರಕ್ಕೆ ದೂರವು ಹೊಣೆಯಲ್ಲ. ಒಂದೇ ಟವರಿಗೆ ಮುಗಿಬಿದ್ದ ಜನಸಂದಣಿಯೋ, ದುರ್ಬಲವಾದ ಕೊಂಡಿಯೋ, ಸುತ್ತುಬಳಸಿನ ದಾರಿಯೋ ಕಾರಣವಾಗಿರಬೇಕು. ಅಂಚೆಯ ಕಾಗದವು ಪಕ್ಕದ ಊರಿಗೆ ಹೋಗಬೇಕಾದರೂ ವಿಂಗಡಣೆಗಾಗಿ ದೂರದ ಊರಿಗೆ ಹೋಗಿಬರುವುದುಂಟಲ್ಲವೆ? ಹಾಗೆಯೇ ಎರಡು ಕಂಪನಿಗಳ ಜಾಲಗಳು ದೊಡ್ಡ ನಗರದಲ್ಲಿ ಮಾತ್ರ ಕೂಡುವುದರಿಂದ, ಶಹಾಪುರದಿಂದ ಯಾದಗಿರಿಗೆ ಹೊರಟ ಮಾತು ನೂರಾರು ಕಿಲೋಮೀಟರ್ ಸುತ್ತಿ ಬರಬಹುದು. ‘ನಿಮ್ಮದು ದೂರದ ಊರು’ ಎಂಬ ಸಮಾಧಾನ ಈ ಲೆಕ್ಕದ ಮುಂದೆ ನಿಲ್ಲದು.

ಅನ್ವಯ ಮತ್ತು ವ್ಯತಿರೇಕ

ಒಂದೇ ಊರಿನಿಂದ ಮಾಡಿದ ಪರೀಕ್ಷೆಯು ರೋಗವಿದೆಯೆಂದು ಹೇಳೀತೇ ಹೊರತು ಎಲ್ಲಿದೆಯೆಂದು ಹೇಳದು. ನಮ್ಮ ನ್ಯಾಯಶಾಸ್ತ್ರವು ಕಾರಣವನ್ನು ಹಿಡಿಯಲು ಅನ್ವಯ–ವ್ಯತಿರೇಕಗಳನ್ನು ಹೇಳಿದೆ. 1843ರಲ್ಲಿ ಜಾನ್ ಸ್ಟೂಅರ್ಟ್ ಮಿಲ್ ತನ್ನ ತರ್ಕಗ್ರಂಥದಲ್ಲಿ ಇಂಥ ವಿಧಾನಗಳನ್ನೇ ನಿರೂಪಿಸಿದನು. ಅದನ್ನಿಲ್ಲಿ ಹೀಗೆ ಅನ್ವಯಿಸಬಹುದು.

ಒಂದನೆಯದು: ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಉತ್ತರವಿಲ್ಲ, ಆದರೆ ಬೇರೊಂದು ಪ್ರಸಿದ್ಧ ಸರ್ವರ್ ಮೂರೂ ಕಡೆ ಓಗೊಡುತ್ತಿದೆ. ದೋಷವು ಬಹುಮಟ್ಟಿಗೆ ಆಚೆಯ ತುದಿಯಲ್ಲಿದೆ.

ಎರಡನೆಯದು: ಎರಡು ಊರಿನಲ್ಲಿ ಉತ್ತರವಿದೆ, ಒಂದರಲ್ಲಿ ಮಾತ್ರ ಇಲ್ಲ. ಸರ್ವರ್ ಬದುಕಿದೆ, ಆ ಊರಿನ ದಾರಿ ಕೆಟ್ಟಿದೆ.

ಮೂರನೆಯದು: ಒಂದೇ ಊರಿನಲ್ಲಿ ಒಂದು ಕಂಪನಿಯ ಸಿಮ್ಮಿನಿಂದ ಉತ್ತರವಿದೆ, ಇನ್ನೊಂದರಿಂದ ಇಲ್ಲ. ದೋಷವು ಆ ಎರಡನೆಯ ಕಂಪನಿಯ ಜಾಲದಲ್ಲಿದೆ.

ನಾಲ್ಕನೆಯದು: ಎಲ್ಲೆಡೆ ಓಗೊಡುವಿಕೆ ಶೀಘ್ರವಾಗಿದ್ದರೂ ಪುಟ ಮಾತ್ರ ತೆರೆಯದು. ದಾರಿ ಸುಗಮವಾಗಿದೆ, ಸರ್ವರಿನೊಳಗಿನ ಕೆಲಸ ಕುಂಟುತ್ತಿದೆ. ಕೊನೆಯ ದಿನದ ನೂಕುನುಗ್ಗಲಿನಲ್ಲಿ ಹೀಗಾಗಬಹುದು.

ಪ್ರಪಂಚದ ಎರಡು ನಿದರ್ಶನಗಳನ್ನು ನೋಡಬಹುದು. 2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯ ಕೇಬಲುಗಳು ತುಂಡಾದವು. ಪಶ್ಚಿಮದ ಸರ್ವರುಗಳು ಭಾರತದವರಿಗೆ ಕುಂಟಿದವು. ಅಲ್ಲಿಯವರಿಗೆ ಎಂದಿನಂತೆ ನಡೆದವು. ಕೆಟ್ಟದ್ದು ದಾರಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಮತ್ತು ವಾಟ್ಸಾಪ್‌ಗಳು ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ಮಾಯವಾದವು. ಆಗ ಯಂತ್ರಗಳು ಸುಟ್ಟುಹೋಗಿರಲಿಲ್ಲ. ದುರಸ್ತಿಯ ವೇಳೆ ಆದ ತಪ್ಪಿನಿಂದ ಅವುಗಳ ದಾರಿ ತೋರುವ ಪ್ರಕಟಣೆಯೇ ನಿಂತುಹೋಗಿತ್ತು. ಎಲ್ಲೆಡೆಯಿಂದಲೂ ಉತ್ತರವಿಲ್ಲವೆಂದಾಗ ದೋಷ ಆಚೆಯದೆಂದು ನಿಶ್ಚಯವಾಯಿತು.

ಕೆಲವು ಎಚ್ಚರಿಕೆಗಳು

ಕೆಲವು ಸರ್ವರುಗಳು ಸುರಕ್ಷತೆಗಾಗಿ ಪಿಂಗಿಗೆ ಉತ್ತರಿಸುವುದೇ ಇಲ್ಲ. ಮೌನವನ್ನು ಮರಣವೆಂದು ತಿಳಿಯಬಾರದು. ಪುಟವನ್ನು ತೆರೆದು ನೋಡುವುದೂ ಅವಶ್ಯ. ಒಂದೆರಡು ಕರೆ ಸಾಲದು. ವಿಂಡೋಸ್ ಕಂಪ್ಯೂಟರ್ ತಾನಾಗಿ ನಾಲ್ಕು ಕರೆ ಮಾತ್ರ ಕಳುಹಿಸುತ್ತದೆ, ಇಪ್ಪತ್ತಾದರೂ ಕಳುಹಿಸಬೇಕು. ಅವುಗಳಲ್ಲಿ ಎಷ್ಟಕ್ಕೆ ಉತ್ತರ ಬಂತು, ಅತ್ಯಲ್ಪ, ನಡುವಣ ಮತ್ತು ಅತ್ಯಧಿಕ ಕಾಲವೆಷ್ಟು ಎಂದು ಬರೆದಿಡಬೇಕು. ಸರಾಸರಿಯೊಂದನ್ನೇ ನಂಬಿದರೆ ಒಂದು ವಿಪರೀತ ಸಂಖ್ಯೆಯು ಉಳಿದವನ್ನೆಲ್ಲ ಕೆಡಿಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಬೇಕು. ಮುಖ್ಯವಾಗಿ, ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು. ಊರನ್ನೂ ಸಿಮ್ಮನ್ನೂ ಒಟ್ಟಿಗೆ ಬದಲಿಸಿದರೆ ಯಾವುದರ ಫಲವೆಂದು ತಿಳಿಯದು.

ಇದರಿಂದ ಪ್ರಯೋಜನವೇನು?

ಹಳ್ಳಿಯಿಂದ ಬಂದ ಮನುಷ್ಯನಿಗೆ ‘ನಾಳಿ ಬರ್ರಿ’ ಎಂದರೆ ಒಂದು ದಿನದ ಕೂಲಿಯೂ ಬಸ್ಸಿನ ಚಾರ್ಜೂ ಹೋದಂತೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ನನ್ನಂಥವರಿಗೆ ವಿದ್ಯಾರ್ಥಿವೇತನದ ಕೊನೆಯ ದಿನ ತಪ್ಪಿದರೆ ಒಂದು ವರ್ಷದ ಓದೇ ತೂಗುಯ್ಯಾಲೆಯಲ್ಲಿ ಬಿದ್ದಂತೆ. ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆಯಿತ್ತಿತು. ಅದೇ ಇಂದಿನ ಭಾರತ್‌ನೆಟ್. ಎಳೆ ಊರಿಗೆ ಬಂದಿದೆಯೇ ಎಂಬುದು ಒಂದು ಪ್ರಶ್ನೆ; ಕರೆದಾಗ ಓಗೊಡುತ್ತದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಬರೆದಿಡಬಲ್ಲವರು ಆ ಊರಿನಲ್ಲಿಯೇ ಇರುವ ನಾವು.

ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ಸೂಚನೆ. ಮೂರೂ ತಾಲೂಕುಗಳಿಂದ ಬರುವ ನಾವು ಒಂದು ದಿನಚರಿ ಪುಸ್ತಕವಿಟ್ಟು, ಅರ್ಜಿಗಳ ಕಾಲದಲ್ಲಿ ದಿನಾಂಕ, ವೇಳೆ, ಊರು, ಜಾಲ, ಉತ್ತರ ಇಷ್ಟನ್ನು ದಾಖಲಿಸೋಣ. ಅವಧಿ ವಿಸ್ತರಿಸಿರೆಂದು ಬರಿಗೈಯಲ್ಲಿ ಕೇಳುವುದಕ್ಕೂ, ಮೂರು ಊರಿನ ಲೆಕ್ಕ ಮುಂದಿಟ್ಟು ಕೇಳುವುದಕ್ಕೂ ಬಹಳ ಅಂತರವಿದೆ. ಲೆಕ್ಕವು ನಮ್ಮ ಟವರಿನದೇ ದೋಷವೆಂದು ತೋರಿಸಿದರೆ ಅದನ್ನೂ ಒಪ್ಪಿಕೊಂಡು, ಕೇಳಬೇಕಾದವರನ್ನು ಕೇಳೋಣ. ಗುರುಗಳು ಈ ಕಾರ್ಯಕ್ಕೆ ಮಾರ್ಗದರ್ಶನ ನೀಡುವರೆಂದು ನಂಬಿದ್ದೇನೆ.