ಆರ್ಕಿಡ್ ಎಲೆಯ ತುದಿ ಸುಡುತ್ತಿದೆಯೇ? ಮೊದಲು ನೀರು ನೋಡಿ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮನೆಯ ಜಗಲಿಗೆ ಡೆಂಡ್ರೋಬಿಯಂ ಆರ್ಕಿಡ್ ಕುಂಡ ತೂಗುಹಾಕಿದವರ ದೂರು ಒಂದೇ: ತಂದಾಗ ಚೆನ್ನಾಗಿತ್ತು, ಕೆಲವೇ ತಿಂಗಳಲ್ಲಿ ಎಲೆಯ ತುದಿ ಕಂದಾಯಿತು. ರೋಗ ಬಂತೆಂದು ಔಷಧಿ ಅಂಗಡಿಗೆ ಓಡುವ ಮುನ್ನ ಇದನ್ನು ಓದಿ.

1. ಕಂದು ಎಲ್ಲಿಂದ ಶುರುವಾಗಿದೆ ನೋಡಿ. ಹಳೆಯ ಎಲೆಗಳ ತುದಿ ಮಾತ್ರ ಒಣಗಿ ಗರಿಗರಿಯಾಗಿದ್ದು, ಹಸಿರಿಗೂ ಕಂದಿಗೂ ನಡುವೆ ಗೆರೆ ಎಳೆದಂತಿದ್ದರೆ ಅದು ಉಪ್ಪಿನ ಕೆಲಸ. ಕಂದಿನೊಳಗೆ ಬಳೆಬಳೆಯಾಗಿ ಗುರುತು, ಕರಿ ಚುಕ್ಕೆ ಕಂಡರೆ ಚಿಬ್ಬು ರೋಗ. ಮುಟ್ಟಿದರೆ ಮೆತ್ತಗೆ, ನೀರು ನೀರಾಗಿ, ನಾತ ಬಂದರೆ ಕೊಳೆ. ಆ ಕುಂಡವನ್ನು ಕೂಡಲೇ ಬೇರೆ ಇಡಿ. ಬಿಸಿಲಿಗೆ ಒಡ್ಡಿದ ಎಲೆಯ ಮೇಲ್ಭಾಗ ಬಿಳಚಿ ಆಮೇಲೆ ಕಪ್ಪಾದರೆ ಬಿಸಿಲು ಸುಟ್ಟಿದೆ. ಬುಡದ ಒಂದೇ ಒಂದು ಎಲೆ ಹಳದಿಯಾದರೆ ಸುಮ್ಮನಿರಿ, ಅದಕ್ಕೆ ವಯಸ್ಸಾಗಿದೆ.

2. ಪೆನ್ನಿನಲ್ಲಿ ಗೆರೆ ಹಾಕಿ. ಕಂದು ನಿಂತಿರುವ ಅಂಚಿನಲ್ಲಿ ಮಾರ್ಕರ್ ಪೆನ್ನಿನಿಂದ ಸಣ್ಣ ಗುರುತು ಮಾಡಿ, ಹದಿನೈದು ದಿನ ಬಿಟ್ಟು ನೋಡಿ. ಗೆರೆ ದಾಟಿದ್ದರೆ ತೊಂದರೆ ಇನ್ನೂ ನಡೆಯುತ್ತಿದೆ. ದಾಟದಿದ್ದರೆ ಅದು ಹಳೇ ಗಾಯ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ, ಅದಕ್ಕೆ ಕಾಯಬೇಡಿ.

3. ಬಚ್ಚಲ ಬಕೆಟ್ ನೋಡಿ, ನೀರಿನ ಗುಣ ತಿಳಿಯುತ್ತದೆ. ಬಕೆಟ್ ಒಳಗೆ ಬಿಳಿ ಬಳೆ, ನಲ್ಲಿಯ ಬಾಯಲ್ಲಿ ಸುಣ್ಣದಂಥ ಗಟ್ಟಿ, ಸೋಲಾರ್ ಪೈಪು ಕಟ್ಟಿಕೊಳ್ಳುವುದು: ಬೋರ್ ನೀರಿನ ಮನೆಗಳಿಗೆ ಇದು ಹೊಸದಲ್ಲ. ಅದೇ ನೀರನ್ನು ಆರ್ಕಿಡ್ ಬೇರು ಹೀರಿ ಎಲೆಗೆ ಕಳಿಸುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ತುದಿಯಲ್ಲಿ ಉಳಿಯುತ್ತದೆ. ಉಳಿದು ಉಳಿದು ತುದಿ ಸಾಯುತ್ತದೆ.

ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರ್ ಅಗ್ಗಕ್ಕೆ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಬೇರೆ ನೀರೇ ಇಲ್ಲದ ಕಡೆ 2000ದವರೆಗೂ ಬಿಡುತ್ತದೆ. ಆರ್ಕಿಡ್ ಅಷ್ಟು ಉದಾರಿಯಲ್ಲ, 200ರ ಒಳಗಿದ್ದರೆ ನೆಮ್ಮದಿ. ನಾವು ಕುಡಿಯುವ ನೀರೇ ತಾನೇ ಎನ್ನುವ ವಾದ ಇಲ್ಲಿ ನಡೆಯದು. ಉಪ್ಪು ಹಾಕುವ ಸಾಫ್ಟ್‌ನರ್ ನೀರು ಇನ್ನೂ ಕೆಟ್ಟದ್ದು, ಅದರಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ. ಆರ್‌ಒ ಫಿಲ್ಟರ್ ಹೊರಚೆಲ್ಲುವ ನೀರನ್ನು ದಂಡ ಮಾಡಬಾರದೆಂದು ಆರ್ಕಿಡ್‌ಗೆ ಹಾಕುವವರಿದ್ದಾರೆ. ಉಪ್ಪೆಲ್ಲ ಸೇರಿರುವುದು ಅದರಲ್ಲೇ! ನೆಲ ಒರೆಸಲು ಬಳಸಿ.

4. ಮಳೆ ನೀರು ಹಿಡಿಯಿರಿ. ನಮ್ಮ ಬಯಲುಸೀಮೆಯ ಹಳೇ ಮರಗಳ ಮೇಲೆ ಬೆಳೆಯುವ ಮರಬಾಳೆಯೂ ಆರ್ಕಿಡ್ಡೇ. ಅದಕ್ಕೆ ಬೋರ್ ಇಲ್ಲ, ಗೊಬ್ಬರ ಇಲ್ಲ. ಮಳೆ, ಇಬ್ಬನಿ, ತೊಗಟೆಯ ಕಸ ಇಷ್ಟರಲ್ಲೇ ಬಾಳುತ್ತದೆ. (ಅದನ್ನು ಕಿತ್ತು ಮನೆಗೆ ತರಬೇಡಿ, ಮರದ ಮೇಲೇ ಇರಲಿ.) ಹತ್ತಡಿಗೆ ಹತ್ತಡಿ ಚಾವಣಿಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 230 ಲೀಟರ್ ನೀರು. ಹತ್ತು ಕುಂಡಕ್ಕೆ ವಾರಗಟ್ಟಲೆ ಸಾಕು. ಮೊದಲ ಮಳೆಯ ದೂಳು ನೀರನ್ನು ಹರಿಯಬಿಟ್ಟು, ಆಮೇಲಿನದನ್ನು ಡ್ರಮ್ಮಿಗೆ ತುಂಬಿ, ಬಾಯಿಗೆ ಬಟ್ಟೆ ಬಿಗಿಯಿರಿ. ಇಲ್ಲವಾದರೆ ಸೊಳ್ಳೆ. ಮಳೆ ನೀರು ಸಾಲದಿದ್ದಾಗ ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೂ ಉಪಕಾರವೇ.

5. ತೆಂಗಿನ ಮಟ್ಟೆಯನ್ನು ತೊಳೆದು ಬಳಸಿ. ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಮಟ್ಟೆಗೆ ಬರವೇ? ಆದರೆ ಅದರಲ್ಲೂ ಪೊಟ್ಯಾಸಿಯಂ, ಸೋಡಿಯಂ ಇರುತ್ತದೆ. ಚೂರು ಮಾಡಿ ನೆನೆಹಾಕಿ, ಚಹಾ ಬಣ್ಣದ ನೀರು ಚೆಲ್ಲಿ, ಮತ್ತೆ ನೆನೆಹಾಕಿ; ನೀರು ತಿಳಿಯಾಗುವವರೆಗೆ ಇದೇ ಕೆಲಸ. ಜೊತೆಗೆ ಇದ್ದಿಲು, ಇಟ್ಟಿಗೆ ಚೂರು ಸೇರಿಸಿ. ಮಣ್ಣು ಬೇಡವೇ ಬೇಡ.

6. ತಿಂಗಳಿಗೊಮ್ಮೆ ಕುಂಡಕ್ಕೆ ಸ್ನಾನ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ತಡಮಾಡಬೇಡಿ. ಒಳ್ಳೆಯ ನೀರನ್ನು ಧಾರಾಳವಾಗಿ ಸುರಿದು ತಳದಿಂದ ಹರಿಯಲು ಬಿಡಿ. ಗಂಟೆ ಬಿಟ್ಟು ಇನ್ನೊಮ್ಮೆ ಸುರಿಯಿರಿ. ಮೊದಲ ಸಲ ಉಪ್ಪು ಕರಗುತ್ತದೆ, ಎರಡನೇ ಸಲ ಕೊಚ್ಚಿ ಹೋಗುತ್ತದೆ. ದಿನಾ ಒಂದೊಂದು ಲೋಟ ಹಾಕುವವರ ಕುಂಡದಲ್ಲೇ ಉಪ್ಪು ಜಾಸ್ತಿ ಕಟ್ಟುವುದು.

7. ಕಬ್ಬಿಗೆ ಹಾಕಿದಂತೆ ಗೊಬ್ಬರ ಹಾಕಬೇಡಿ. ಇಲ್ಲಿಯವರ ಕೈ ಯೂರಿಯಾ ಚೀಲಕ್ಕೆ ಒಗ್ಗಿದೆ, ಅದೇ ಕಷ್ಟ. 19:19:19 ಸಾಕು: ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಬೇರು ಮೊದಲೇ ನೆನೆದಿರುವಾಗ. ಒಣ ಬೇರು ಬೆಳ್ಳಗಿರುತ್ತದೆ, ನೆನೆದ ಬೇರು ಹಸಿರಾಗುತ್ತದೆ. ಹಸಿರಾದ ಮೇಲೆ ಗೊಬ್ಬರದ ನೀರು. ತುದಿ ಸುಡುತ್ತಿರುವ ಗಿಡಕ್ಕೆ ತಿಂಗಳು ಗೊಬ್ಬರವೇ ಬೇಡ.

8. ಬೇಸಿಗೆಯ ಬಿಸಿಲಿಗೂ ಆಷಾಢದ ಗಾಳಿಗೂ ಮರೆ ಕಟ್ಟಿ. ಬೇರು ಎಷ್ಟು ಬೇಗ ಒಣಗುತ್ತದೋ ಅಷ್ಟು ಬೇಗ ಉಪ್ಪು ಗಟ್ಟಿಯಾಗುತ್ತದೆ. ಡೆಂಡ್ರೋಬಿಯಂಗೆ ಅರ್ಧ ನೆರಳಿನ ಬಲೆ ಸಾಕು, ಫಲನಾಪ್ಸಿಸ್ ಆರ್ಕಿಡ್‌ಗೆ ಇನ್ನೂ ಗಾಢ ನೆರಳು. ನದಿ, ನಾಲೆ ಬದಿಯ ಮನೆಗಳಿಗೆ ತೇವದ ಚಿಂತೆ ಕಡಿಮೆ. ನಾಗಮಂಗಲದ ಒಣ ಗಾಳಿಗೆ ಕುಂಡದಡಿ ಜಲ್ಲಿಕಲ್ಲು ಹಾಸಿದ ನೀರಿನ ತಟ್ಟೆ ಇಡಿ. ಕುಂಡದ ತಳ ನೀರಿಗೆ ತಾಕದಿರಲಿ.

9. ಕತ್ತರಿಸುವುದಾದರೆ ಬ್ಲೇಡು ಸುಟ್ಟು ಕತ್ತರಿಸಿ. ಒಂದೇ ಕತ್ತರಿ ಎಲ್ಲ ಗಿಡಕ್ಕೂ ಓಡಾಡಿದರೆ ನಂಜುರೋಗ ಹರಡುತ್ತದೆ. ಚಿಬ್ಬು ರೋಗವಾದರೆ ಕಂದಿನಿಂದ ಅರ್ಧ ಇಂಚು ಹಸಿರು ಸೇರಿಸಿ ಕತ್ತರಿಸಿ, ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ. ಬೇರಿಗೆ ಅದು ತಾಗಬಾರದು. ಬೋರ್ಡೋ ದ್ರಾವಣದಂಥ ತಾಮ್ರದ ಔಷಧಿಯನ್ನು ಡೆಂಡ್ರೋಬಿಯಂ ತಾಳುವುದಿಲ್ಲ. ಉಪ್ಪಿನಿಂದ ಒಣಗಿದ ತುದಿಯನ್ನು ಕತ್ತರಿಸಿದರೂ ಒಂದೇ, ಬಿಟ್ಟರೂ ಒಂದೇ.

10. ಆಲೆಮನೆ ಹತ್ತಿರವಿದ್ದರೆ. ಎಲೆ ಚೆನ್ನಾಗಿದ್ದೂ ಮೊಗ್ಗು ಹಳದಿಯಾಗಿ ಉದುರಿದರೆ ಕಬ್ಬಿನ ತರಗು ಸುಡುವ ಹೊಗೆಯ ಮೇಲೂ ಅನುಮಾನವಿರಲಿ. ಹೊಗೆಯಲ್ಲಿನ ಎಥಿಲೀನ್ ಮೊಗ್ಗು ಉದುರಿಸುತ್ತದೆ. ಗೊಬ್ಬರ ಹೆಚ್ಚಿಸಬೇಡಿ, ಹೊಗೆ ಬಾರದ ಬದಿಗೆ ಕುಂಡ ಸರಿಸಿ.